ಆರ್ಡಿತಳ ಹತ್ತನೆಯ ಹಾಡು

ಲಾರೆಲ್ ಫೋರ್ಕ್, ಕೆಂಟಕಿ
ಸೋಮವಾರ, 5 ಅಕ್ಟೋಬರ್ 1987

ಪ್ರೀತಿಯ ಅಪ್ಪಾ,

ಉಸಿರಾಟ ಹೇಗಿದೆ? ಕೆಮ್ಮು ಕಡಿಮೆಯಾಗಿದೆ ಎಂದು ನರ್ಸ್ ಕೊರಿನ್ ಫೋನಿನಲ್ಲಿ ಹೇಳಿದರು. ನೀವೇ ಹೇಳಿದ್ದರೆ ನಂಬುತ್ತಿರಲಿಲ್ಲ. ಮೂವತ್ತು ವರ್ಷ ಗಣಿಯ ಧೂಳು ಕುಡಿದ ಎದೆ ಯಾರ ಮಾತನ್ನೂ ಕೇಳುವುದಿಲ್ಲ, ಅದರ ಯಜಮಾನನಂತೆಯೇ. ಅಮ್ಮ ಒಣಸೇಬಿನ ಕೇಕು ಕಳಿಸುತ್ತಿದ್ದಾಳೆ. ಪಕ್ಕದ ಹಾಸಿಗೆಯವರಿಗೂ ಕೊಡಬೇಕಂತೆ. ಚರ್ಚಿನಲ್ಲಿ ಈಗ ನಿಮ್ಮ ಬದಲು ಚಿಕ್ಕಪ್ಪ ನಿಂತು ಸಾಲು ಹೇಳಿಕೊಡುತ್ತಾರೆ. ಅವರು ಎಷ್ಟು ಮೇಲಿನ ಸ್ವರದಲ್ಲಿ ಶುರುಮಾಡುತ್ತಾರೆಂದರೆ, ಆ ಸಾಲನ್ನು ತಿರುಗಿ ಎಳೆದು ಹಾಡುವಾಗ ನಾವೆಲ್ಲ ತುದಿಗಾಲಿನಲ್ಲಿ ನಿಲ್ಲಬೇಕು. "ನಿಮ್ಮಪ್ಪ ಬೇಗ ಬರ್ಲಮ್ಮಾ, ನನ್ನ ಗಂಟಲು ಹರ್ದೋಯ್ತು" ಎಂದು ಅವರೇ ಹೇಳುತ್ತಾರೆ.

ಆರ್ಡಿತ ಅಕ್ಕನ ಮೊದಲ ಆಲ್ಬಮ್ಮಿನ ಕೆಲಸ ಮುಗಿಯಿತು. ವಾದ್ಯವನ್ನೇ ಒಳಗೆ ಬಿಡದ ಚರ್ಚಿನವರಾದ ನಿಮಗೆ ಗಿಟಾರಿನ ಸುದ್ದಿ ಹಿಡಿಸದೆಂದು ಗೊತ್ತು, ಆದರೂ ಇದನ್ನು ಓದಿ. ಮುದ್ರಣಕ್ಕೆ ನ್ಯಾಶ್‌ವಿಲ್‌ಗೆ ನಾನೂ ಹೋಗಿದ್ದೆ, ಸ್ಟುಡಿಯೋದ ಮೂಲೆಯಲ್ಲೊಂದು ಕುರ್ಚಿ ಹಿಡಿದು ಕುಳಿತಿದ್ದೆ. ಮೊದಲ ಒಂಬತ್ತೂ ಶಾಲೆಯ ಮಕ್ಕಳನ್ನು ಇಳಿಸಿ ಖಾಲಿ ಬಸ್ಸು ಓಡಿಸಿಕೊಂಡು ಬರುವಾಗ ಅವಳು ಕಟ್ಟಿದ ಹಾಡುಗಳು. ಗಣಿಯ ಚಾವಣಿ ಕುಸಿದ ದಿನ ಅಮ್ಮ ಹೊರಗೆ ಕಾದು ನಿಂತದ್ದರ ಮೇಲೂ ಒಂದು ಹಾಡಿದೆ. ಭಯ ಎಂಬ ಮಾತೇ ಅದರಲ್ಲಿ ಇಲ್ಲ. ಅಮ್ಮ ಗಣಿಯಿಂದ ಮೇಲೆ ಬರುವವರ ಹಣೆಯ ದೀಪಗಳನ್ನು ಎಣಿಸುತ್ತಾಳೆ, ಅಷ್ಟೆ. ನಾಲ್ಕು ವರ್ಷ ಕವಿತೆ ಓದಿ ಪದವಿ ತಂದ ನನಗೆ ಅಂಥ ಒಂದು ಸಾಲು ಬರೆಯಲಾಗದು.

ಹತ್ತನೆಯದು ನಿಮ್ಮ ಹಾಡು. ಮಣ್ಣು ಮಾಡುವಾಗ ನೀವು ಹೇಳಿಕೊಡುತ್ತಿದ್ದ, ಅಜ್ಜಿಯಿಂದ ಬಂದ ಆ ಹೊಳೆ ದಾಟುವ ಹಾಡು. ಅದಕ್ಕೆ ಗಿಟಾರೂ ಇಲ್ಲ, ಪಿಟೀಲೂ ಇಲ್ಲ. ಅಕ್ಕ ಒಂದು ಸಾಲು ಹೇಳಿದಳು, ಜನ ಅದನ್ನು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದಳು, ಮುಂದಿನ ಸಾಲು ಹೇಳಿದಳು. ಥೇಟ್ ನೀವು. ಎಡಗೈಯನ್ನು ಕಿವಿಗೆ ಒತ್ತಿಕೊಳ್ಳುವುದೂ ನಿಮ್ಮಂತೆಯೇ.

ನಾವು ಊಟ ಮುಗಿಸಿ ಬರುವಷ್ಟರಲ್ಲಿ, ಧ್ವನಿಮುದ್ರಣ ಮಾಡುವ ಹಾಲಿಸ್ ಆ ಮೌನಗಳನ್ನೆಲ್ಲ ಟೇಪಿನಿಂದ ಕತ್ತರಿಸಿ ಹಾಕಿದ್ದ. ನಾಲ್ಕು ನಿಮಿಷದ ಹಾಡು ಒಂದೂವರೆ ನಿಮಿಷಕ್ಕೆ ಮುಗಿಯಿತು.

"ನೀನು ಮರ್ತ ಕಡೆಯೆಲ್ಲ ತೆಗ್ದುಬಿಟ್ಟಿದೀನಿ ತಾಯಿ, ಯಾರ್ಗೂ ಗೊತ್ತಾಗಲ್ಲ" ಎಂದ.

"ಮರ್ತಿಲ್ಲ ಮಾರಾಯ. ಅದು ಜನ ಹಾಡೋ ಜಾಗ."

"ಇಲ್ಲಿ ಜನ ಎಲ್ಲಿದಾರೆ?"

"ನನ್ನ ತಂಗಿ ಕೂತಿಲ್ವಾ ಅಲ್ಲಿ?" ಎಂದು ಅಕ್ಕ ಮೊದಲ ಸಾಲು ಎತ್ತಿಯೇಬಿಟ್ಟಳು.

ಚರ್ಚಿನಲ್ಲಿ ನಾನು ಬರೀ ತುಟಿ ಆಡಿಸುತ್ತೇನೆಂದು ನಿಮಗೆ ಗೊತ್ತು. ಅವತ್ತು ಹಾಡಿದೆ. ಮೂರು ಸಾಲಾದ ಮೇಲೆ ಹಾಲಿಸ್ ಬಗ್ಗಿ, ಕಸದ ಬುಟ್ಟಿಯಿಂದ ಟೇಪಿನ ತುಂಡುಗಳನ್ನು ಒಂದೊಂದಾಗಿ ಆಯ್ದು ಮತ್ತೆ ಅಂಟಿಸತೊಡಗಿದ.

ಅಮ್ಮ ನಿಮ್ಮನ್ನು ದಿನವೂ ನೆನೆಯುತ್ತಾಳೆ. ರಾತ್ರಿ ನಿಮಗೆ ಕೆಮ್ಮಿಲ್ಲದ ನಿದ್ದೆಯನ್ನು ದೇವರು ಕೊಡಲಿ.

ನಿಮ್ಮ ಕಿರಿಮಗಳು,
ಡೆಲ್ಫಿಯ

ಅಂಚೆಯವನು ಬಂದೇಬಿಟ್ಟ, ಇಷ್ಟು ಸೇರಿಸುತ್ತೇನೆ: ಕೇಕಿನ ಡಬ್ಬಿಯ ತಳದಲ್ಲಿ ಆ ಒಂದೇ ಹಾಡಿನ ಕ್ಯಾಸೆಟ್ ಇದೆ. ಶುಕ್ರವಾರ ಆಲ್ಬಮ್ ಅಚ್ಚಿಗೆ ಹೋಗುತ್ತದೆ. ದೇವರ ಹಾಡನ್ನು ಮಾರಬಾರದೆಂದು ನೀವು ಹೇಳಿದರೆ ಅಕ್ಕ ಅದನ್ನು ತೆಗೆದುಬಿಡುತ್ತಾಳೆ, ವಾದ ಮಾಡುವುದಿಲ್ಲ. ಗಿಟಾರ್ ಹಿಡಿದಳೆಂದು ಆರು ವರ್ಷದಿಂದ ಮಾತು ಬಿಟ್ಟಿರುವ ನಿಮ್ಮನ್ನು ಕೇಳಲು ಅವಳಿಗೆ ಧೈರ್ಯವಿಲ್ಲ. ನಾನು ಬರೆದದ್ದೂ ಅವಳಿಗೆ ಗೊತ್ತಿಲ್ಲ. ಗುರುವಾರ ಮಧ್ಯಾಹ್ನ ಕೊರಿನ್‌ಗೆ ಫೋನ್ ಮಾಡುತ್ತೇನೆ. ಬೇಡವೆಂದಾದರೆ ಅವರಿಗೆ ಹೇಳಿಬಿಡಿ. ಆಗಬಹುದು ಎಂದಾದರೆ ಏನೂ ಹೇಳುವುದು ಬೇಡ. ಕ್ಯಾಸೆಟ್ ಹಾಕಿದಾಗ ನೀವು ಜೊತೆಗೆ ಹಾಡಿದಿರಾ ಎಂದಷ್ಟೇ ಅವರನ್ನು ಕೇಳುತ್ತೇನೆ.