ಮಹಾರಾಣಿಯ ಬಾಗಿಲು

ಜೂನ್ ೩, ಬೆಳಿಗ್ಗೆ

ಎಂದಿನಂತೆ ಟೀ ಆರಿತು, ಫೈಲು ಏರಿತು. ಆದರೂ ಇವತ್ತು ಹಬ್ಬದ ಮನಸ್ಸು. ಬೌದ್ಧಿಕ ವಿಕಲಚೇತನರ ಈ ಇಲಾಖೆಗೆ ನಿರ್ದೇಶಕಿಯಾದಾಗಿನಿಂದ ಕಾದದ್ದು ಇದಕ್ಕೇ. ನಮ್ಮ ದೊಡ್ಡ ವಸತಿಗೃಹದಿಂದ ಮೊದಲ ಬಾರಿಗೆ ಒಬ್ಬರು ತಮ್ಮದೇ ಬಾಡಿಗೆ ಮನೆಗೆ ಹೊರಟಿದ್ದಾರೆ. ಎಲ್ಲರೂ ಕರೆಯುವುದು ಮಹಾರಾಣಿ ಎಂದು. ಗಂಭೀರ ನಡಿಗೆಯಿಂದ ಬಂದ ಹೆಸರು. ಚಿಕ್ಕಂದಿನಿಂದ ವಸತಿಗೃಹದಲ್ಲೇ ಇದ್ದವರು, ಈಗ ಐವತ್ತರ ಹತ್ತಿರ.

ಒಂದು ತಿಂಗಳು ನೋಡುವುದು. ಆಮೇಲೆ ಅವರ ತಮ್ಮ ಒಪ್ಪಿದರೆ ಅಲ್ಲೇ. ಇಲ್ಲದಿದ್ದರೆ ವಾಪಸ್.

ಅದೇ ದಿನ, ಸಂಜೆ

ತಮ್ಮ ಬಂದಿದ್ದರು. ದರ್ಜಿ. ಕೊರಳಲ್ಲಿ ಟೇಪು ಹಾಗೇ ಇತ್ತು.

"ಮೇಡಂ, ನಮ್ಮಕ್ಕಂಗೆ ಬೇಡ ಅನ್ನೋಕೇ ಬರಲ್ಲ. ಯಾರ್ ಏನ್ ಕೇಳಿದ್ರೂ ಹೂಂ. ನಾಳೆ ಯಾವನಾದ್ರೂ ಮನೆಗೆ ನುಗ್ಗಿದ್ರೂ ಹೂಂ ಅಂತಾಳೆ. ಆಗ ಏನ್ ಗತಿ?"

ವಸತಿಗೃಹದ ಕೋಣೆಗಳಿಗೆ ಒಳಚಿಲಕವಿಲ್ಲ. ಯಾರೂ ಬಾಗಿಲು ತಟ್ಟುವುದಿಲ್ಲ. ಬೇಡ ಎನ್ನಲು ಅವರಿಗೆ ಅವಕಾಶವಾದರೂ ಎಲ್ಲಿತ್ತು?

ಜೂನ್ ೭

ಆ ಮನೆಗೆ ದಿನಾ ಹೋಗುವ ಸಹಾಯಕಿಗೆ ಹೇಳಿದ್ದೇನೆ: ಪ್ರತಿ ಸಲ ತಟ್ಟಿ, ಕೇಳಿ, ಒಳಗೆ ಹೋಗು. ‘ಬನ್ನಿ’, ‘ಈಗ ಬೇಡ’ — ಎರಡನ್ನೂ ಕಲಿಸು.

ಮಧ್ಯಾಹ್ನ ಫೋನು. ನಗು ತಡೆಯಲಾಗುತ್ತಿಲ್ಲ ಅವಳಿಗೆ.

"ಆನೆ ಮಾರೋಕೆ ಬಂದಿದ್ದೀನಿ ಅಂದೆ ಮೇಡಂ. ‘ಬನ್ನಿ ಬನ್ನಿ, ಒಳಗೆ ಕಟ್ಟಿ’ ಅಂದ್ರು!"

ನಾನೂ ನಕ್ಕೆ. ಆಮೇಲೆ ಹೊಳೆಯಿತು: ಆನೆಗೂ ಬೇಡ ಎನ್ನಲಿಲ್ಲ.

ಜೂನ್ ೧೯

ಇನ್ನೂ ‘ಬನ್ನಿ ಬನ್ನಿ’ಯೇ. ಊಟದ ಹೊತ್ತಿಗೆ ಕವನಸಂಕಲನ ತೆರೆದೆ. ಪುಟಕ್ಕೊಂದು ಮನೆಯ ಹಾಡು. ನಮ್ಮ ಆದೇಶಗಳಲ್ಲಿ ಮಾತ್ರ ಮನೆಯೆಂದರೆ ‘ವಸತಿ ಘಟಕ’... ಯಾರಿಗೆ ಹಾಡು ಬಂದೀತು ಅದರಲ್ಲಿ!

ಜೂನ್ ೨೯, ಮಹಾರಾಣಿಯ ಮೆಟ್ಟಿಲ ಮೇಲೆ

ಬ್ಯಾಗಿನಿಂದ ಡೈರಿ ತೆಗೆದು ಇಲ್ಲೇ ಬರೆಯುತ್ತಿದ್ದೇನೆ. ತಡೆದುಕೊಳ್ಳಲಾಗುತ್ತಿಲ್ಲ.

ತಮ್ಮನನ್ನು ಕರೆದುಕೊಂಡು ಬಂದೆ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿ ಒಳಗೆ ನಡೆದೇಬಿಟ್ಟೆ — ವಸತಿಗೃಹದ ತಪಾಸಣೆಯ ಅಭ್ಯಾಸ. ಊರಿಗೆಲ್ಲ ತಟ್ಟಿ ಎಂದವಳು ನಾನೇ!

ಮಹಾರಾಣಿ ತಲೆ ಬಾಚಿಕೊಳ್ಳುತ್ತಿದ್ದರು. ಬಾಚಣಿಗೆ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ತಟ್ಟಲಿಲ್ಲ."

"ಅಯ್ಯೋ, ತಪ್ಪಾಯ್ತು..."

"ಹೊರಗೆ ಹೋಗಿ."

ಹೋದೆ. ಹಿಂದೆಯೇ ಚಿಲಕ ಬಿತ್ತು. ತಟ್ಟಿದೆ.

"ಈಗ ಬೇಡ!"

ದರ್ಜಿ ಮೆಟ್ಟಿಲ ಮೇಲೆ ಕುಸಿದು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ, ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡರು.

"ಬೇಡ ಅಂದ್ಳು ಮೇಡಂ! ಅದೂ ನಿಮಗೆ!"

"ಕೇಳಿಸ್ತಪ್ಪಾ, ಕೇಳಿಸ್ತು."

"ಇರ್ಲಿ ಬಿಡಿ. ಇಲ್ಲೇ ಇರ್ಲಿ ನಮ್ಮಕ್ಕ. ಕಿಟಕಿಗೆ ಪರದೆ ನಾನೇ ಹೊಲಿದು ಕೊಡ್ತೀನಿ... ಒಳಗೆ ಬಿಟ್ರೆ ಅಳತೆ ತಗೋಬಹುದು."

ತಾವೇ ಎದ್ದು ಹೋಗಿ ತಟ್ಟಿ ಬಂದರು. ಅವರಿಗೂ "ಈಗ ಬೇಡ!" ಈ ಸಲ ದನಿಯಲ್ಲಿ ನಗು.

ಇಬ್ಬರೂ ಕೂತಿದ್ದೇವೆ. ಬಿಸಿಲು ಹಿತವಾಗಿದೆ. ಯಾವ ಅವಸರವೂ ಇಲ್ಲ.

ಹೆಜ್ಜೆ ಸಪ್ಪಳ. ಚಿಲಕ ಸರಿಯುತ್ತಿದೆ —