ಉಣ್ಣೆ ಸಾಹುಕಾರರ ಮನೆಯ ದಿಂಬಿನ ಮೇಲೆ ನಮ್ಮ ಸುವಾರ್ತೆ

ಬಿಷಪ್ಪರ ವಿಚಾರಣಾಧಿಕಾರಿಗಳಿಗೆ

ಮಾನ್ಯರೇ,

ಪಾಷಂಡದ ಪುಸ್ತಕವೆಂದು ನಮ್ಮಿಂದ ಕಿತ್ತುಕೊಂಡ ಇಂಗ್ಲಿಷ್ ಸುವಾರ್ತೆಯನ್ನು ನೀವು ಉಣ್ಣೆ ಸಾಹುಕಾರರ ಹೆಂಡತಿ ಫಿಲಿಪ್ಪಾ ಅವರಿಗೆ ಪರವಾನಗಿ ಸಹಿತ ಕೊಟ್ಟಿದ್ದೀರಿ. ಅದೇ ಪುಸ್ತಕ, ಅದೇ ಹಾಳೆಗಳು. ಕೈಗವಸು ಹೊಲಿಯುವ ನಮ್ಮ ಬೀದಿಯಲ್ಲಿದ್ದಾಗ ಅದು ಆತ್ಮವನ್ನು ಕೊಲ್ಲುವ ವಿಷವಾಗಿತ್ತು. ಬೀದಿ ದಾಟಿ ಕಲ್ಲಿನ ಮನೆ ಸೇರಿದ ಮೇಲೆ ಭಕ್ತಿಯಾಯಿತು. ಪೂಜೆಯ ರೊಟ್ಟಿ ಕ್ರಿಸ್ತನ ದೇಹವಾಗುವುದಿಲ್ಲ, ರೊಟ್ಟಿಯಾಗಿಯೇ ಉಳಿಯುತ್ತದೆ ಎಂದವರನ್ನು ನೀವು ಸುಡುತ್ತೀರಿ. ವಿಷವನ್ನು ಅಮೃತ ಮಾಡುವ ಈ ಹೊಸ ಪವಾಡವನ್ನು ಯಾವ ಸಂತರಿಂದ ಕಲಿತಿರಿ?

ಅದು ನಮ್ಮದೇ ಎಂದು ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಫಿಲಿಪ್ಪಾ ಅವರ ಕೈಯಳತೆ ತೆಗೆಯಲು ಹೋಗಿದ್ದೆ. ಪುಸ್ತಕ ಅವರ ದಿಂಬಿನ ಮೇಲಿತ್ತು, ಹೊಸ ಮಖಮಲ್ಲಿನ ಹೊದಿಕೆ ಹಾಕಿಕೊಂಡು.

"ಅದ್ರಲ್ಲಿ ಏನ್ ಬರ್ದಿದೆ ಅಮ್ಮಾವ್ರೇ?" ಎಂದೆ.

"ಯಾರು ನೋಡಿದ್ದಾರೆ ಕಣೇ. ಇಟ್ಕೋಬಹುದು ಅಂತ ಬಿಷಪ್ಪರು ಅಂದ್ರು, ಇಟ್ಕೊಂಡಿದೀನಿ. ಏಯ್, ಮುಟ್ಬೇಡ, ನಿನ್ ಕೈಯೆಲ್ಲ ಜಿಡ್ಡು."

"ಒಳಗೆ ಹಾಳೆ ಮೇಲಿರೋ ಜಿಡ್ಡೂ ನಂದೇ ಅಮ್ಮಾವ್ರೇ."

ತೆರೆದು ನೋಡಿದರು. ಬೆರಳಿನ ಗುರುತುಗಳು ಇದ್ದವು. ಪುಸ್ತಕ ಮುಚ್ಚಿ, ಕೈ ಒರೆಸಿಕೊಂಡು, ಅಳತೆಗೆ ಮತ್ತೆ ಕೈ ಚಾಚಿದರು.

ಹೌದು, ನನಗೆ ಹೊಟ್ಟೆಕಿಚ್ಚು. ಅವರ ಉಡುಪಿನ ನರಿತುಪ್ಪಳದ ಅಂಚಿನ ಮೇಲಲ್ಲ, ಉಪವಾಸದ ದಿನವೂ ಅವರ ಅಡುಗೆಮನೆಯಿಂದ ಬರುವ ಹುರಿದ ಮಾಂಸದ ವಾಸನೆಯ ಮೇಲೂ ಅಲ್ಲ. ಆ ದಿಂಬಿನ ಮೇಲೆ. ಹಂಸದ ಪುಕ್ಕ ತುಂಬಿದ ಒಂದು ಚೀಲ ದೇವರ ವಾಕ್ಯಕ್ಕೆ ನನಗಿಂತ ಹತ್ತಿರ ಇದೆ ಎಂಬುದನ್ನು ನೆನೆದಾಗೆಲ್ಲ ಹಾಕಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ.

ನಿಮ್ಮ ಭಟ ಅದನ್ನು ಒಯ್ದ ದಿನ ನೇಕಾರ ಜರ್ವಾಸಜ್ಜನ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. "ಇದು ಯಾರ್ದು?" ಎಂದ ಭಟ. "ಓದೋರ್ದು," ಎಂದ ಅಜ್ಜ. "ಹಂಗಾದ್ರೆ ನಂದಂತೂ ಅಲ್ಲ," ಎಂದು ನಕ್ಕು ಭಟ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ನಿಮ್ಮ ಕಚೇರಿಯಲ್ಲಿ ನಾನು ಕಂಡ ಒಬ್ಬನೇ ಪ್ರಾಮಾಣಿಕ ಅವನು.

ನಾವು ಆಗ ಹೆಚ್ಚು ಅಳಲಿಲ್ಲ. ಪುಸ್ತಕ ಹೋಗುವ ದಿನ ಬರುತ್ತದೆಂದು ಮೊದಲೇ ಅದನ್ನು ಪಾಲು ಮಾಡಿ ಬಾಯಿಪಾಠ ಮಾಡಿಕೊಂಡಿದ್ದೆವು. ಬಿತ್ತುವವನ ಕಥೆ ನನ್ನ ಪಾಲಿಗೆ, ಆ ಹಾಳೆಗಳನ್ನಷ್ಟೇ ನಾನು ಓದಿದ್ದು; ಇಬ್ಬರು ಗಂಡುಮಕ್ಕಳ ತಂದೆಯ ಕಥೆ ಜರ್ವಾಸಜ್ಜನ ಪಾಲಿಗೆ. ಆ ಕಥೆ ಹೇಳಿಸಲು ಊರೂರಿನವರು ಅವನನ್ನು ಕರೆದು ಬಾರ್ಲಿಯ ಮದ್ಯ ಕುಡಿಸುತ್ತಿದ್ದರು. ನನಗೂ ಕಲಿಸು ಎಂದು ಎಷ್ಟು ಬೇಡಿದರೂ, "ನಿನ್ ಪಾಲು ನಿಂಗೆ, ನನ್ ಪಾಲು ನಂಗೆ ಮಗಳೇ. ಎಲ್ಲಾನೂ ನಿಂಗೇ ಕೊಟ್ರೆ ನನ್ನ ಯಾರು ಕರೀತಾರೆ?" ಎನ್ನುತ್ತಿದ್ದ. ನಮ್ಮ ನಡುವೆಯೂ ಒಬ್ಬ ಪುಟ್ಟ ಪೋಪ್ ಇದ್ದ, ಮಾನ್ಯರೇ. ಸಂತೋಷಪಡಿ.

ಸುಗ್ಗಿಯ ಹೊತ್ತಿಗೆ ಅವನಿಗೆ ಎದೆ ಕಟ್ಟಿತು. ಆಗ ಅವನಾಗಿಯೇ ನನ್ನನ್ನು ಕರೆಸಿಕೊಂಡ. ಕಿರಿಯ ಮಗ ಆಸ್ತಿ ಹಾಳುಮಾಡಿ ಮರಳಿ ಬಂದ ಭಾಗವನ್ನು ಹೇಳಿಕೊಟ್ಟ. ಮನೆಯೊಳಗೆ ಹಾಡು ಕುಣಿತ. ಹಿರಿಯ ಮಗ ಒಳಗೆ ಬರಲೊಲ್ಲದೆ ಹೊಲದ ಬಟ್ಟೆಯಲ್ಲೇ ಹೊರಗೆ ನಿಂತು, ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಎಂದು ತಂದೆಗೆ ಎದುರಾಡಿದ. ಅಲ್ಲಿಗೆ ಅಜ್ಜನಿಗೆ ಕೆಮ್ಮು ಬಂತು. "ತಾಳು, ಆಮೇಲೆ ಅವನಪ್ಪ ಅಂತಾನೆ..." ಎಂದ. ಅಷ್ಟಕ್ಕೇ ಅವನ ಉಸಿರು ನಿಂತಿತು.

ತಂದೆ ಏನೆಂದ?

ನಮ್ಮ ಪಾದ್ರಿಯವರನ್ನು ಕೇಳಿದೆ. ಹೋದ ವರ್ಷದ ಪ್ರಸಂಗದಲ್ಲಿ ಆ ತಂದೆ ಹಿರಿಯನ ಕೆನ್ನೆಗೆ ಬಾರಿಸಿದ್ದ. ಈ ವರ್ಷ, ಚರ್ಚಿಗೆ ಬೆಳೆಯ ಹತ್ತನೇ ಪಾಲು ಸರಿಯಾಗಿ ಕಟ್ಟಿದ್ದರೆ ನಿನಗೂ ಮರಿ ಸಿಗುತ್ತಿತ್ತು ಎಂದನಂತೆ. "ಎರಡರಲ್ಲಿ ಯಾವ್ದು ನಿಜ ಫಾದರ್?" ಎಂದರೆ, "ನಾನ್ ಹೇಳಿದ್ದು ನಿಜ. ಹೋಗಿ ಚರ್ಮ ಹೊಲಿ" ಎಂದರು.

ಲಟರ್‌ವರ್ತಿನ ಮಣ್ಣಿನಲ್ಲಿ ಮಲಗಿರುವ ಸುವಾರ್ತೆಯನ್ನು ನಮ್ಮ ಇಂಗ್ಲಿಷಿಗೆ ತಂದ ವಿಕ್ಲಿಫ್ ಪಂಡಿತರು ಬೇಡವೆಂದದ್ದು ಇದನ್ನೇ ಅಲ್ಲವೇ? ನಾನು ಆಕ್ಸ್‌ಫರ್ಡ್ ನೋಡಿದವಳಲ್ಲ. ಕೈಯಿಂದ ಕೈಗೆ ಬಂದ ಬಿಡಿ ಹಾಳೆಗಳಲ್ಲಿ ಅಕ್ಷರ ಕಲಿತವಳು. ಅವುಗಳಿಂದ ನಾನು ತಿಳಿದದ್ದು ಇಷ್ಟು: ದೇವರ ಕಟ್ಟಳೆ ಪೂರ್ತಿಯಾಗಿ ಆತನ ವಾಕ್ಯದಲ್ಲಿದೆ, ಪೋಪರ ಮಾತೇ ಆಗಲಿ, ಅದಕ್ಕೆ ಒಪ್ಪಿದರಷ್ಟೇ ಬೆಲೆ, ಕ್ರಿಸ್ತನಂತೆ ಬದುಕದವನು ಎಂಥ ಉಡುಪು ತೊಟ್ಟರೂ ಅವನ ಅಧಿಕಾರ ಬರಿದು. ವಾಕ್ಯ ನಮ್ಮ ಕೈಯಲ್ಲಿಲ್ಲದಿದ್ದರೆ ಯಾರು ಒಪ್ಪಿದ್ದಾರೆ, ಯಾರು ತಪ್ಪಿದ್ದಾರೆ ಎಂದು ಅಳೆಯುವುದು ಯಾವುದರಿಂದ? ಅಳತೆಗೋಲನ್ನೇ ಬೀಗ ಹಾಕಿಟ್ಟ ವ್ಯಾಪಾರಿಯನ್ನು ಸಂತೆಯಲ್ಲಿ ಏನೆಂದು ಕರೆಯುತ್ತಾರೆ ಎಂಬುದು ನಿಮಗೂ ಗೊತ್ತು.

ಪುಸ್ತಕವನ್ನು ಹಿಂದಕ್ಕೆ ಕೊಡಿ ಎಂದು ನಾನು ಕೇಳುತ್ತಿಲ್ಲ. ನೀವು ಕೊಡುವುದೂ ಇಲ್ಲ. ಫಿಲಿಪ್ಪಾ ಅವರೇ ಇಟ್ಟುಕೊಳ್ಳಲಿ. ಆದರೆ ಒಂದು ಸಲ ಅದನ್ನು ಹೊರಗೆ ತನ್ನಿ. ಆ ಕಥೆಯ ಕೊನೆಯನ್ನು, ಬರೆದಿರುವಂತೆಯೇ, ನಮ್ಮ ನುಡಿಯಲ್ಲಿ, ಎಲ್ಲರಿಗೂ ಕೇಳುವಂತೆ ಓದಿಸಿ. ಆ ತಂದೆ ನಿಜಕ್ಕೂ ಹೊಡೆದಿದ್ದರೆ ನಾನು ಬಾಯಿ ಮುಚ್ಚಿ ನಿಮ್ಮ ಸೆರೆಗೆ ಬರುತ್ತೇನೆ. ಬೇರೆ ಏನಾದರೂ ಹೇಳಿದ್ದರೆ, ಹೊಟ್ಟೆಕಿಚ್ಚಿನಿಂದ ಹೊರಗೆ ನಿಂತ ಮಗನಿಗೆ ಆ ಮಾತು ಸಲ್ಲಬೇಕು. ಅದನ್ನು ತಡೆಯಲು ನೀವು ಯಾರು?

ನಿಮ್ಮ ಭಟರನ್ನೂ ಕರೆತನ್ನಿ, ಅವರೂ ಕೇಳಲಿ. ಈ ಕಾಗದ ಅಂಟಿಸಿರುವ ಇದೇ ಚರ್ಚಿನ ಬಾಗಿಲ ಮುಂದೆ ಕಾಯುತ್ತೇನೆ.

ಇಂತಿ,
ಹೆಸರು ಹಾಕಬೇಡವೆಂದು ಮನೆಯವರೆಲ್ಲ ಬೇಡಿಕೊಂಡರೂ ಹಾಕುತ್ತಿರುವ
ಎಮ್ಮಟ್, ಕೈಗವಸು ಹೊಲಿಯುವವಳು

ಸಕಲ ಸಂತರ ಹಬ್ಬದ ದಿನ, ನಡುಮಧ್ಯಾಹ್ನದ ಗಂಟೆಗೆ.