ಅಕ್ಕನನ್ನು ಇಲ್ಲಿಗೆ ಕರೆತರಬೇಡ

ಅಪ್ಪಾ,

ಫೋನಿನಲ್ಲಿ ಹೇಳಿದರೆ ನೀನು ನಕ್ಕುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಗಂಗಕ್ಕನ ಹೆರಿಗೆಗೆ ನಾನು ನರ್ಸಿಂಗ್ ಇಂಟರ್ನ್‌ಶಿಪ್ ಮಾಡುತ್ತಿರುವ ಈ ಆಸ್ಪತ್ರೆ ಬೇಡ. ನೋವು ಬರುವ ಮೊದಲೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗು.

ಕಳೆದ ವಾರ ಹಡೆದ ಹೆಂಗಸೊಬ್ಬಳಿಗೆ ರಕ್ತ ನಿಲ್ಲಲಿಲ್ಲ. ಹತ್ತಿರ ನಾನೊಬ್ಬಳೇ ಇದ್ದೆ. ಓದಿದ್ದೆಲ್ಲ ನೆನಪಿತ್ತು, ಕೈಕಾಲು ಮಾತ್ರ ಆಡಲಿಲ್ಲ. ಹಿರಿಯ ಸಿಸ್ಟರ್ ಓಡಿ ಬಂದು ಆಕೆಯನ್ನು ಆಂಬ್ಯುಲೆನ್ಸಿನಲ್ಲಿ ಕಳಿಸಿದರು. ಆಮೇಲೆ ಏನಾಯಿತೆಂದು ಯಾರೂ ಹೇಳುತ್ತಿಲ್ಲ. ಕೇಳಲು ನನಗೂ ಧೈರ್ಯವಿಲ್ಲ.

"ಬಾಜೂಕ ನಿಂತು ಕಲಿಸ್ರಿ ಸಿಸ್ಟರ್" ಎಂದು ದಿನವೂ ಬೇಡಿಕೊಂಡೆ. "ನೋಡಿ ನೋಡಿ ಬರತೈತಿ ಬಿಡು. ನಾಳಿಂದ ನಾ ರಜಾ, ಹೆರಿಗಿ ವಾರ್ಡಿಗೆ ನೀ ಒಬ್ಬಾಕಿನ" ಎಂದು ನಿನ್ನೆ ಹೇಳಿಹೋದರು.

ಕಲಿಯುವ ಆಸೆ ಸತ್ತಿಲ್ಲ ಅಪ್ಪಾ. ಆದರೆ ಅಕ್ಕನ ಮೇಲೆ ಕಲಿಯಲಾರೆ.

ಬಟ್ಟೆ ತರಲು ನಮ್ಮೂರು ಯರಗುಪ್ಪಿಗೆ ಹೊರಟಿರುವ ನಮ್ಮೋಣಿಯ ಮರೆವ್ವ ಕಾಕಿಯ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅವಳ ಮುಂದೆ ಈ ಮಾತು ಆಡಬೇಡ. ಅವಳ ಸೊಸೆಯನ್ನು ಬೆಳಿಗ್ಗೆಯೇ ಇಲ್ಲಿ ಸೇರಿಸಿದ್ದಾರೆ. "ನೀ ಅದಿ ಅಂತ ಇಲ್ಲೇ ಬಂದೇನವಾ, ನನಗೇನ ಅಂಜಿಕಿ ಇಲ್ಲ" ಎನ್ನುತ್ತಾಳೆ ಆ ಸೊಸೆ.

ಈಗ ಅವಳಿಗೆ ನೋವು ಶುರುವಾದಂತಿದೆ. ಕರೆಯುತ್ತಿದ್ದಾಳೆ, ಹೋಗುತ್ತೇನೆ.

ನಿನ್ನ ಮಗಳು,
ದಾಕ್ಷಾಯಣಿ